ಮಲಗುವ ಹೊತ್ತಿಗೆ ಬೀಸುವ ಹಾಡು

ಸಾಂಗ್ಲಿಯಲ್ಲಿ ಕುಳಿತೇ ನಮ್ಮ ಸಂಖದ ವೃದ್ಧಾಶ್ರಮಕ್ಕೆ ಸಂಗೀತ ಚಿಕಿತ್ಸೆ ದಯಪಾಲಿಸಿರುವ ಮಾನ್ಯ ಸಂಯೋಜಕರೇ,

ರಾತ್ರಿ ಹನ್ನೊಂದೂವರೆಗೆ ಆಶ್ರಮದ ಹಾಸುಗಲ್ಲ ಮೇಲೆ ಸ್ಟೀಲಿನ ತಾಟು ಗರಗರ ತಿರುಗುವ ಸದ್ದಿಗೆ ಎಚ್ಚೆತ್ತು, ಅದೇ ಸದ್ದಿಗೆ ಎದ್ದ ಕೂಸನ್ನು ಹೆಗಲಿಗೇರಿಸಿಕೊಂಡು, ತಮಗೆ ಕೈ ಮುಗಿಯಲು ಒಂದೇ ಕೈ ಉಳಿದಿರುವುದರಿಂದ ಅರ್ಧ ನಮಸ್ಕಾರ ಸಲ್ಲಿಸುತ್ತಿದ್ದೇನೆ.

ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಮ್ಮ ಕನ್ನಡ ಬಾರದಿದ್ದರೂ ಬರೀ ಧಾಟಿ ಕೇಳಿಯೇ ಬೀಸುವ ಹಾಡುಗಳನ್ನು ಜೋಗುಳವೆಂದು ತಿಳಿದು, ಹಾಡುವ ಪೆಟ್ಟಿಗೆಯಲ್ಲಿ ರಾತ್ರಿಯ ಪಾಲಿಗೆ ತುಂಬಿದ್ದೀರಿ. ಅವು ನಸುಕಿನಲ್ಲೆದ್ದು ಜೋಳ ಬೀಸುತ್ತ ಹಾಡುವ ಹಾಡುಗಳು. ತಂತಮ್ಮ ಹೆಸರನ್ನೇ ಮರೆತ ಅಜ್ಜಿಯರೂ ಇವನ್ನು ಮರೆತಿಲ್ಲ. ಪೆಟ್ಟಿಗೆ ದನಿ ತೆಗೆದದ್ದೇ ತಡ, ಬೆಳಗಾಯಿತೆಂದು ಎಲ್ಲರೂ ಸೆರಗು ಸಿಕ್ಕಿಸಿ ಏಳುತ್ತಾರೆ. ಖೈರುನಬಿ ಅಜ್ಜಿ ಇಲ್ಲದ ಮೊರದಲ್ಲಿ ಇಲ್ಲದ ಜೋಳ ಕೇರುತ್ತ, ವ್ಯವಸ್ಥಾಪಕ ಮುರಗೆಪ್ಪನವರನ್ನು ಸೋಮಾರಿ ಸೊಸೆಯೆಂದು ಬೈಯುತ್ತಾರೆ. ನನ್ನ ಅವ್ವ ಚಂದವ್ವ ತಾಟನ್ನು ಬೋರಲು ಹಾಕಿ ಬೀಸುತ್ತಾಳೆ. ಇಷ್ಟೆಲ್ಲ ಮಾಡಿದ ತಾವು ನಾಕು ಚೀಲ ಜೋಳ ಕಳುಹಿಸಿ, ಊಟವಾದ ಕೂಡಲೇ ಮೂಡುವಂತೆ ಸೂರ್ಯನಿಗೂ ಒಂದು ಆದೇಶ ಹೊರಡಿಸಿದರೆ ಉಪಕಾರವಾದೀತು.

ಮರೆವಿನಿಂದ ದಾರಿ ತಪ್ಪಿ ಹೋಗುವ ಅವ್ವನನ್ನು ಇಲ್ಲಿ ಸೇರಿಸಿ, ಗೋಡೆಯಾಚೆಯ ಬಾಡಿಗೆ ಕೋಣೆಯಲ್ಲಿ ನಾನಿದ್ದೇನೆ. ಹಗಲಲ್ಲಿ ಹೋದರೆ "ಬರ್ರಿ, ಕುಂದ್ರಿ, ಯಾರ ಮನ್ಯಾಕಿರಿ ನೀವು?" ಎನ್ನುತ್ತಾಳೆ. ಹೆತ್ತವಳು ಕೊಡುವ ಮರ್ಯಾದೆ ಎಷ್ಟು ಚುಚ್ಚುತ್ತದೆಂದು ತಮ್ಮ ಯಾವ ಪೆಟ್ಟಿಗೆಯೂ ಹೇಳಲಾರದು.

ಬೀಸುವಾಕೆ ಹಾಡಿನೊಳಗೆ ತನ್ನವರ ಹೆಸರು ಸೇರಿಸಿ ಕಟ್ಟುವುದು ನಮ್ಮ ಕಡೆಯ ರೂಢಿ. ಇಂದು ಜಗಳಕ್ಕೆಂದೇ ಗೋಡೆಯ ಬಳಿ ಹೋದೆ. ಪೆಟ್ಟಿಗೆಯ ಹಾಡನ್ನು ಹಿಂದೆ ಬಿಟ್ಟು ಅವ್ವ ತನ್ನದೇ ಕಟ್ಟಿ ಹಾಡುತ್ತಿದ್ದಳು:

"ಲಗೂನ ತಿರುಗ ಕಲ್ಲವ್ವ, ನನ ನಂದಾ ಹಸದಾಳ, ಕೂಸ ಹೊತಗೊಂಡ ಬಂದಾಳ."

ಕಲ್ಲವ್ವ ಎಂದರೆ ಬೀಸುಕಲ್ಲು. ನಂದಾ ಎಂದರೆ ನಾನು. ಕೂಸು ಎಂದರೆ ಈಗ ನನ್ನ ಕಿವಿ ಜಗ್ಗುತ್ತಿರುವವನು.

ಓಣಿಯವರ ತಕರಾರಿನ ಮೇಲೆ ತಾವು ಅಪ್ಪಣೆ ಕೊಟ್ಟಿರುವಂತೆ, ಮುರಗೆಪ್ಪನವರು ನಾಳೆ ಎದ್ದ ಕೂಡಲೇ ಬೀಸುವ ಹಾಡುಗಳನ್ನೆಲ್ಲ ಅಳಿಸಿ ಬರೀ ಕೊಳಲು ತುಂಬುವವರಿದ್ದಾರೆ. ದಯವಿಟ್ಟು ಅವನ್ನು ನಸುಕಿಗೆ ಸರಿಸಿ, ಅಳಿಸಬೇಡಿ. ನಾನು ಹೇಳಿ ನೋಡಿದೆ; ಮೇಲಿನವರ ಫೋನು ಬಂದರೆ ಮಾತ್ರ ನಿಲ್ಲಿಸುವೆನೆಂದು ಬಾಗಿಲು ಹಾಕಿಕೊಂಡರು. ಟಪಾಲಿಗೆ ಹೊತ್ತಿಲ್ಲದ್ದರಿಂದ ಇದನ್ನು ತಾಲೂಕಿನ ವಾಟ್ಸಾಪ್ ಗುಂಪಿಗೇ ಹಾಕುತ್ತಿದ್ದೇನೆ. ತಮ್ಮನ್ನು ಬಲ್ಲವರು ಯಾರಾದರೂ ತಮ್ಮನ್ನು ಎಬ್ಬಿಸಿ, ಇದನ್ನು ಮರಾಠಿಯಲ್ಲಿ ಓದಿ ಹೇಳಲಿ.

ನಿದ್ದೆಗೆಟ್ಟೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನಂದಾ

ತಾ.ಕ.: ಅಳಿಸಲೇಬೇಕೆಂದರೆ ಅಳಿಸಿ. ನಾಳೆಯಿಂದ ನನ್ನ ಮಗನನ್ನು ತಮ್ಮ ಮನೆಗೇ ತಂದು ಮಲಗಿಸುತ್ತೇನೆ. ಅವನಿಗೆ ಹಲ್ಲು ಬರುತ್ತಿವೆ, ಕೊಳಲಿಗೆ ಬಗ್ಗುವ ಪೈಕಿಯಲ್ಲ. ಅದಕ್ಕಿಂತ ಒಂದು ಫೋನು ಸಸಾರ. ಬೆಳಗಾಗೂದರಾಗ ಮಾಡಿಬಿಡ್ರಿ, ನಿಮ್ಮ ಕಾಲಿಗೆ ಬೀಳತೀನಿ.