ಸಮುದ್ರಕ್ಕೆ ಹೊರಟ ಕುಮಾರಿ ನಿಲಯ

"ಈ ಸಲ ಸಮುದ್ರಕ್ಕೆ ನಾವು ಹೋಗೋದಿಲ್ಲ ಕಣೆ, ನಮ್ಮ ಮನೆಯೇ ಹೋಗ್ತದೆ! ನಾವು ಸುಮ್ನೆ ಒಳಗೆ ಕೂತಿರೋದಷ್ಟೇ!"

ಹರವೆಯ ರಂಗರಾಜು ಹೀಗೆಂದು ಘೋಷಿಸಿದಾಗ ಅವನ ಹೆಂಡತಿ ಕುಮಾರಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಮದುವೆಯಾದಾಗಿನಿಂದ ಗಂಡನ ಘೋಷಣೆಗಳನ್ನು ಕೇಳಿ ಕೇಳಿ ಅವಳ ಕಿವಿ ಪಳಗಿಹೋಗಿತ್ತು.

ಪಾಪ, ಅವಳು ಚಿನ್ನ ಕೇಳಿದವಳಲ್ಲ, ರೇಷ್ಮೆ ಕೇಳಿದವಳಲ್ಲ. ಕೇಳಿದ್ದು ಸಮುದ್ರ. ಅದೇನು ಚಂದ್ರಲೋಕದಲ್ಲಿದೆಯೇ? ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ದಾಟಿ, ಘಾಟಿ ಇಳಿದರೆ ಕಲ್ಲಿಕೋಟೆ. ಬೆಳಿಗ್ಗೆ ಇಲ್ಲಿ ತಿಂಡಿ ತಿಂದು ಹೊರಟವರು ಸಂಜೆ ಅಲ್ಲಿ ಕಾಲು ನೆನೆಸಬಹುದು. ಆದರೆ ಒಂದು ವರ್ಷ ರಂಗರಾಜುವಿಗೆ ರಜೆ ಇಲ್ಲ, ಇನ್ನೊಂದು ವರ್ಷ ಯಾರದೋ ಮದುವೆ, ಮತ್ತೊಂದು ವರ್ಷ ಹಸು ಈದಿತು. ಹೀಗೇ ನಡೆದುಬಂದಿತ್ತು.

"ನಮ್ಮೂರ ಬಾಳೆಕಾಯಿ ಹೋಗ್ತದೆ, ಟೊಮ್ಯಾಟೊ ಹೋಗ್ತದೆ, ಕುಂಬಳಕಾಯಿನೂ ಲಾರಿ ಹತ್ತಿ ಸಮುದ್ರದ ಊರು ನೋಡ್ತದೆ. ನಾನೇನು ಕುಂಬಳಕಾಯಿಗಿಂತ ಕಡೆಯಾ?" ಎಂದು ಅವಳು ಒಮ್ಮೆ ಕೇಳಿದ್ದಳು.

ಈ ವರ್ಷ ಅವಳು ಗಂಡನನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಊರಿನ ಮಹಿಳಾ ಸಂಘದ ಹೆಂಗಸರು ಟೆಂಪೊ ಮಾಡಿಕೊಂಡು ಕಲ್ಲಿಕೋಟೆಗೆ ಹೊರಟಿದ್ದರು. ಕುಮಾರಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಇದು ತಿಳಿದದ್ದೇ ತಡ, ರಂಗರಾಜುವಿನೊಳಗಿನ ಗಂಡಸು ಎದ್ದು ಕುಳಿತ! ತನ್ನ ಹೆಂಡತಿಗೆ ತಾನಲ್ಲದೆ ಸಂಘ ಸಮುದ್ರ ತೋರಿಸುವುದೆ?

"ಟೆಂಪೊದಲ್ಲಿ ಉಪ್ಪಿನಕಾಯಿ ಥರ ತುಂಬ್ಕೊಂಡು ಹೋಗ್ತೀಯಾ? ನಾನೊಂದು ಮನೆ ಕಟ್ತೀನಿ, ಗಾಡಿ ಮೇಲೆ! ಒಳಗೆ ಹಾಸಿಗೆ, ಒಲೆ, ಕಿಟಕಿ. ಸಮುದ್ರದ ಮುಂದೆ ನಿಲ್ಲಿಸಿ ಹಾಸಿಗೆ ಮೇಲಿಂದಾನೇ ಅಲೆ ನೋಡು."

"ಯಾವುದರಲ್ಲಿ ಕಟ್ತೀರಾ? ಇಟ್ಟಿಗೆಯಾ?"

ರಂಗರಾಜು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಅವನು ಚಾಮರಾಜನಗರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಅಲ್ಲಿ ಹಳೆಯ ತಣ್ಣನೆ ಕೋಣೆಯೊಂದನ್ನು ಕಿತ್ತು, ಅದರ ಗೋಡೆಯ ಹಲಗೆಗಳನ್ನು ಹಿತ್ತಲಿಗೆ ಎಸೆದಿದ್ದರು. ಎರಡು ತೆಳ್ಳನೆ ಫೈಬರ್ ಹಾಳೆ, ನಡುವೆ ಅಂಗೈ ದಪ್ಪದ ಫೋಮು. ಇಡೀ ಹಲಗೆಯನ್ನು ಒಬ್ಬನೇ ತಲೆಯ ಮೇಲಿಟ್ಟು ನಡೆಯಬಹುದು. ಇದರಲ್ಲಿ ಗಾಡಿಮನೆ ಕಟ್ಟುವುದನ್ನು ಯಾವನೋ ಬಿಳಿಯನೊಬ್ಬ ಮೊಬೈಲಿನ ವಿಡಿಯೊದಲ್ಲಿ ತೋರಿಸಿದ್ದ. ನೋಡುವುದಕ್ಕೆ ಸುಲಭವಾಗಿಯೇ ಇತ್ತು.

"ಅಂದ್ರೆ ಕ್ರೀಮ್ ಬಿಸ್ಕತ್ತು!" ಎಂದಳು ಕುಮಾರಿ.

"ಬಿಸ್ಕತ್ತಲ್ಲ ಕಣೆ! ಆನೆ ತುಳಿದ್ರೂ ಜಗ್ಗಲ್ಲ. ಬೇಸಿಗೇಲಿ ತಂಪು, ಚಳೀಲಿ ಬೆಚ್ಚಗೆ."

ಈಗ ಅವಳು ತಲೆ ಎತ್ತಿದಳು. "ನಿಜವಾಗ್ಲೂ ಆಗ್ತದಾ?"

"ಆಗದಿದ್ರೆ ನನ್ನ ಹೆಸರು ರಂಗರಾಜು ಅಲ್ಲ!"

ಆ ಸಂಜೆಯೇ ಕುಮಾರಿ ತನ್ನ ಕಿಟಕಿ ಸೀಟನ್ನು ಅತ್ತೆ ಮೂಗಮ್ಮನಿಗೆ ಬಿಟ್ಟುಕೊಟ್ಟಳು. ಹಸು ಪುಟ್ಟಿಯನ್ನು ನೋಡಿಕೊಂಡು ಹಾಲು ಕರೆಯುತ್ತೇನೆಂದು ಪಕ್ಕದ ಮನೆಯ ಚಿಕ್ಕಮಾದಮ್ಮ ಒಪ್ಪಿದಳು. ಪಾಪ, ಅದಕ್ಕಾಗಿ ಅವಳೂ ತನ್ನ ಟೆಂಪೊ ಸೀಟನ್ನು ಬೇರೆಯವರಿಗೆ ಬಿಟ್ಟಳು. ಕುಮಾರಿ ಊರಿಗೆಲ್ಲ ಹೇಳಿಕೊಂಡು ಬಂದಳು. ಹಳೆಯ ನೀಲಿ ಸೀರೆ ಹರಿದು ಗಾಡಿಮನೆಯ ಕಿಟಕಿಗೆ ಪರದೆ ಹೊಲಿದಳು. ಅವಳು ನಂಬಿಬಿಟ್ಟಿದ್ದಳು. ಇನ್ನು ಮುಂದೆ ನಡೆದದ್ದನ್ನೆಲ್ಲ ರಂಗರಾಜು ನಗುತ್ತಾ ಹೇಳಬಲ್ಲ, ಈ ಪರದೆಯ ಮಾತೊಂದನ್ನು ಬಿಟ್ಟು.

ನಿರ್ಮಾಣ ಕಾರ್ಯ ಆರಂಭವಾಯಿತು! ರಂಗರಾಜುವಿನ ತಮ್ಮ ಬೇಡವೆಂದು ಬಿಟ್ಟುಹೋಗಿದ್ದ ಸಣ್ಣ ಗೂಡ್ಸ್ ಗಾಡಿ ಅಂಗಳದಲ್ಲಿತ್ತು. ಅದರ ಹಿಂಭಾಗದ ಕಬ್ಬಿಣದ ತೊಟ್ಟಿಯನ್ನು ಅವನು ಬಿಚ್ಚಿಸಿ ಬಿಸಾಡಿದ. ಭಾರವೇಕೆ? ಬರಿಯ ಚೌಕಟ್ಟಿನ ಮೇಲೆ ನೇರವಾಗಿ ಫೋಮಿನ ಹಲಗೆಯ ನೆಲ ಹಾಸಿದ. ಹಲಗೆ ಕುಯ್ದ ದೂಳು ಮೈಗೆಲ್ಲ ಹತ್ತಿ, ತುರಿಕೆ ಎದ್ದು, ಅವನು ಕಚೇರಿಯಲ್ಲೂ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಂಡು ನಿಲ್ಲುವಂತಾಯಿತು. ಅಂಟು ಬಳಿದು ಗೋಡೆಗೆ ಗೋಡೆ ಕೂಡಿಸಿ, ಒಣಗುವ ತನಕ ತಲೆಯಿಂದ ಒತ್ತಿ ಹಿಡಿದ. ಗೋಡೆ ಗೋಡೆಗೆ ಅಂಟಿತು. ತಲೆಯೂ ಗೋಡೆಗೆ ಅಂಟಿತು!

"ಕುಮಾರೀ! ಕತ್ತರಿ ತಾ!"

"ಎಲ್ಲಿ ಕತ್ತರಿಸ್ಲಿ? ಮನೆ ಕಡೆಯಾ, ತಲೆ ಕಡೆಯಾ?"

"ತಲೆ ಕಡೆ! ಮನೆ ಮುಟ್ಬೇಡ!"

ಹೀಗೆ ಕೂದಲ ಬಲಿ ಪಡೆದು ಮನೆ ಎದ್ದು ನಿಂತಿತು. ನೋಡಲು ಬಂದವರು "ಗಾಡಿ ಚೆನ್ನಾಗದೆ" ಎಂದರೆ ಸಾಕು, ರಂಗರಾಜು ಹರಿಹಾಯುತ್ತಿದ್ದ. "ಗಾಡಿ ಅಲ್ಲ ಕಣ್ಲಾ, ಮನೆ!" ಅಷ್ಟು ಸಾಲದೆಂದು ಬಾಗಿಲ ಮೇಲೆ ಒಂದು ಬೋರ್ಡೂ ಬರೆಸಿದ: ಕುಮಾರಿ ನಿಲಯ.

ಭಾನುವಾರ ಟೆಂಪೊ ಹೊರಡುವುದು. ಅದರ ಮುಂದೆ ಕುಮಾರಿ ನಿಲಯ ಹೊರಡುವುದು. ಶುಕ್ರವಾರ ಪೂಜೆ. ಮಾವಿನ ಸೊಪ್ಪು, ಬಾಳೆಕಂದು, ಕುಂಬಳಕಾಯಿ ಎಲ್ಲ ಸಿದ್ಧ. ಕೋಲ್ಡ್ ಸ್ಟೋರೇಜಿನ ಗೆಳೆಯ ಸೋಮಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಆಗ ಮೂಗಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಹಸ ಎಲ್ಲಿ ಕಣ್ಲಾ?"

"ಯಾವ ಹಸ ಅವ್ವಾ?"

"ಮನೆ ಒಕ್ಲು ಮಾಡ್ಕಂಡು ಯಾವ ಹಸ ಅಂತಾನೆ ನೋಡು! ಮೊದ್ಲು ಹಸ ಒಳೀಕ್ ಓಗ್ಬೇಕು. ಆಮೇಲೆ ಮನುಸ್ರು."

"ಅವ್ವಾ, ಇದು ಗಾಡಿ ಕಣವ್ವ. ನಾಲ್ಕು ನಿಂಬೆಹಣ್ಣು ಚಕ್ರದ ಕೆಳಗಿಟ್ರೆ ಮುಗೀತು."

"ಗಾಡಿಯಾ? ನೆನ್ನೆಗಂಟ ಗಾಡಿ ಅಂದವ್ರನ್ನೆಲ್ಲ ತಿನ್ನೋಕ್ ಓಯ್ತಿದ್ದೆ! ಆ ಬೋಡ್ನಲ್ಲಿ ಏನ್ ಬರ್ಸಿದ್ದೀ, ಓದ್ಲಾ."

"ಕುಮಾರಿ ನಿಲಯ."

"ನಿಲಯ ಅಂದ್ರೆ?"

ರಂಗರಾಜು ದನಿ ತಗ್ಗಿಸಿದ. "ಮನೆ."

"ಮತ್ತೆ? ತತ್ತಾ ಹಸಾನ!"

"ಅತ್ತೆ, ಪುಟ್ಟಿ ಭಾರ ತಡೀತದಾ ಇದು?" ಎಂದು ಕುಮಾರಿ ಮೆಲ್ಲಗೆ ಕೇಳಿದಳು.

ಆಗಲಾದರೂ ರಂಗರಾಜು "ತಡೆಯಲ್ಲ" ಎಂದು ಒಂದು ಮಾತು ಆಡಿದ್ದರೆ! ಸೋಮಣ್ಣ ನೋಡುತ್ತಿದ್ದ. ಬೀದಿಯವರು ನೋಡುತ್ತಿದ್ದರು. ಊರಿಗೆಲ್ಲ ಆನೆಯ ಮಾತಾಡಿದ ಬಾಯಲ್ಲಿ ಹಸುವಿಗೆ ಹೆದರಿದೆ ಎನ್ನುವುದು ಹೇಗೆ? "ತಡೀದೆ ಏನು? ಹತ್ಸಿ!" ಎಂದುಬಿಟ್ಟ.

ಪುಟ್ಟಿ ಹೆಸರಿಗೆ ಮಾತ್ರ ಪುಟ್ಟಿ. ಸೀಮೆ ಹಸು, ನಿಂತರೆ ಬಾಗಿಲು ತುಂಬುತ್ತಿತ್ತು. ಬಾಳೆಹಣ್ಣು ತೋರಿಸಿ, ಹಲಗೆ ಏಣಿ ಹತ್ತಿಸಿ, ಹಿಂದಿನಿಂದ ನೂಕಿ ಒಳಗೆ ಬಿಟ್ಟರು. ಎರಡು ಹೆಜ್ಜೆ ಇಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಹೆಜ್ಜೆಗೆ ಟಪ್ಪೆಂದು ಹಪ್ಪಳ ಮುರಿದಂಥ ಸದ್ದು ಬಂತು.

ಮನುಷ್ಯ ಮಲಗಿದರೆ ಹಲಗೆ ಹೊರುತ್ತದೆ, ಕುಳಿತರೂ ಹೊರುತ್ತದೆ. ಆದರೆ ಅಷ್ಟು ದೊಡ್ಡ ಹಸುವಿನ ಭಾರವೆಲ್ಲ ಒಂದು ಗೊರಸಿನ ಮೇಲೆ ಬಿದ್ದರೆ? ಹಾಸಿಗೆ, ಒಲೆ, ಕುಮಾರಿಯ ತಿಂಡಿ ಡಬ್ಬ ಎಲ್ಲದರ ತೂಕವನ್ನೂ ರಂಗರಾಜು ಲೆಕ್ಕ ಹಾಕಿದ್ದ. ಹಸುವಿನ ಲೆಕ್ಕ ಹಾಕಿರಲಿಲ್ಲ. ಆ ಬಿಳಿಯನ ವಿಡಿಯೊದಲ್ಲಿ ಹಸು ಇರಲೇ ಇಲ್ಲ!

ಪುಟ್ಟಿಯ ಮುಂಗಾಲು ನೆಲ ತೂರಿ ಗಾಡಿಯ ಕೆಳಗೆ ನೇತಾಡುತ್ತಿತ್ತು. ಮೇಲೆ ಅದು "ಅಂಬಾ" ಎಂದು ಬೀದಿ ಕೇಳುವಂತೆ ಕೂಗಿತು. ಹೆದರಿ ಹಿಂಗಾಲು ಝಾಡಿಸಿತು, ಒಲೆಯ ಕಟ್ಟೆ ಹೋಯಿತು. ಇನ್ನೊಮ್ಮೆ ಝಾಡಿಸಿತು, ಬಾಗಿಲು ಬೋರ್ಡಿನ ಸಮೇತ ಹಾರಿ ತಿಪ್ಪೆಗೆ ಬಿತ್ತು. ಹೊಸ ಹಾಸಿಗೆಯ ಮೇಲೆ ಸಗಣಿ ಹಾಕಿತು. ಗೃಹಪ್ರವೇಶ ಅಲ್ಲಿಗೆ ಸಾಂಗವಾಗಿ ನೆರವೇರಿತು!

ರಂಗರಾಜು ಗಾಡಿಯ ಕೆಳಗೆ ನುಸುಳಿ, ಗೊರಸನ್ನು ಹೆಗಲ ಮೇಲೆ ಹೊತ್ತು ಮೇಲಕ್ಕೆ ನೂಕಿದ. ಕಾಲು ಹೊರಬಂತು. ಆದರೆ ಹಸು ಬರಲಿಲ್ಲ. ತಿರುಗಲು ಜಾಗವಿಲ್ಲ, ಹಿಂದಕ್ಕೆ ನಡೆಯಲು ಅದಕ್ಕೆ ಮನಸ್ಸಿಲ್ಲ. ಒಂದೊಂದು ಹೆಜ್ಜೆಗೂ ನೆಲ ಇನ್ನಷ್ಟು ಬಿರಿಯುತ್ತಿತ್ತು.

"ಗೋಡೆ ಕುಯ್ರಿ," ಎಂದಳು ಕುಮಾರಿ.

"ಯಾವ ಗೋಡೆ?"

"ಕಿಟಕಿ ಇರೋ ಗೋಡೆ. ಪಕ್ಕಕ್ಕೆ ಇಳಿಸ್ಕೊಳ್ಳನ. ಇಲ್ಲಾಂದ್ರೆ ಅದರ ಕಾಲು ಮುರೀತದೆ."

ಅವಳು ಒಳಗೆ ಕೈಹಾಕಿ ಪರದೆ ಬಿಚ್ಚಿಕೊಂಡಳು. ಇನ್ನೊಂದು ಕೈಯಲ್ಲಿ ಪುಟ್ಟಿಯ ಕೊರಳ ಕೆಳಗಿನ ಗಂಗೆದೊಗಲು ಸವರುತ್ತಾ "ಏನಿಲ್ಲ, ಏನಿಲ್ಲ" ಎನ್ನುತ್ತಾ ನಿಂತಳು. ರಂಗರಾಜು ಗರಗಸ ತಂದ. ಗೋಡೆ ಕಟ್ಟಿದ ಗರಗಸವೇ ಅದು. ಕುಯ್ಯುವಾಗ ಅವನ ತಲೆಕೂದಲಿನ ಗೊಂಚಲು ಇನ್ನೂ ಆ ಗೋಡೆಗೆ ಅಂಟಿಕೊಂಡಿತ್ತು. ಗೋಡೆ ಬಿತ್ತು, ಹುಲ್ಲಿನ ಕಂತೆಗಳ ಮೇಲೆ ಕಾಲಿಟ್ಟು ಪುಟ್ಟಿ ಇಳಿಯಿತು. ತರಚು ಗಾಯ ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ಕುಮಾರಿ ನಿಲಯದ ಸೂರು ಮಾತ್ರ ನಿಧಾನವಾಗಿ ಬಾಗಿ ನೆಲ ಮುಟ್ಟಿತು.

"ಆನೆ ತುಳಿದ್ರೂ ಜಗ್ಗಲ್ಲ ಅಂದಿದ್ದೆ. ಹಸ ತುಳಿದ್ರೆ ಏನಾಯ್ತದೆ ಅಂತ ಯೋಳೇ ಇರ್ಲಿಲ್ಲ ಬುಡು," ಎಂದ ಸೋಮಣ್ಣ. ನೆರೆದವರೆಲ್ಲ ನಕ್ಕರು. ಕುಮಾರಿ ನಗಲಿಲ್ಲ, ಬೈಯಲೂ ಇಲ್ಲ. ಪರದೆಯನ್ನು ಮಡಿಸಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ರಂಗರಾಜುವಿಗೆ ಅಂದೇ ಅನಿಸಿತು, ಇಂದಿಗೂ ಅನಿಸುತ್ತದೆ.

ಭಾನುವಾರ ಟೆಂಪೊ ಮನೆ ಮುಂದೆ ನಿಂತಿತು. ಮೂಗಮ್ಮ ಹತ್ತಿ, ಕಿಟಕಿ ಪಕ್ಕ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಆಮೇಲೆ ಕೇಳಿದಳು. "ಬೇಕಾರೆ ನೀನೇ ಓಗಮ್ಮಿ. ನಾನ್ ಇಳ್ಕತೀನಿ."

"ಬೇಡ ಅತ್ತೆ, ಹೋಗ್ಬನ್ನಿ," ಎಂದಳು ಕುಮಾರಿ. ಟೆಂಪೊ ಹೋದ ಮೇಲೂ ಬೀದಿಯ ತಿರುವನ್ನೇ ನೋಡುತ್ತಾ ನಿಂತಿದ್ದಳು. ಪಕ್ಕದ ಜಗಲಿಯಲ್ಲಿ ಚಿಕ್ಕಮಾದಮ್ಮನೂ ನಿಂತಿದ್ದಳು. ರಂಗರಾಜು ಬಾಗಿಲ ಮರೆಯಲ್ಲಿ ನಿಂತಿದ್ದ. ಹೊರಗೆ ಬರುವ ಮುಖ ಅವನಿಗಿರಲಿಲ್ಲ.

ಸಂಜೆ ಕುಮಾರಿ ಹಾಲು ಕರೆಯುತ್ತಿದ್ದಾಗ ಮೂಗಮ್ಮನ ವಿಡಿಯೊ ಕಾಲ್ ಬಂತು. ಯಾರೋ ಮೊಬೈಲು ಹಿಡಿದುಕೊಟ್ಟಿದ್ದರು. ಮೂಗಮ್ಮ ಸೀರೆ ಎತ್ತಿಕಟ್ಟಿ ನೀರಿನಲ್ಲಿ ನಿಂತಿದ್ದಳು.

"ಅಯ್ಯೋ ಎಷ್ಟ್ ನೀರ್ ಕಣಮ್ಮಿ! ನಮ್ಮ ಒಲಕ್ಕೊಂದು ಪೈಪ್ ಹಾಕಿದ್ರೆ! ಆದ್ರೆ ಬರೀ ಉಪ್ಪು! ಕಾಲಡಿ ಮಣ್ಣೇ ಜಾರ್ತದೆ! ಕಾಣ್ತಾ? ಕಾಣ್ತಾ?"

"ಕಾಣ್ತಾ ಇದೆ ಅತ್ತೆ," ಎಂದಳು ಕುಮಾರಿ. ಅವಳ ಕೈ ಕೆಚ್ಚಲ ಮೇಲೆಯೇ ನಿಂತಿತ್ತು. ಕರೆ ಮುಗಿದ ಮೇಲೂ ಅವಳು ಕಪ್ಪಾದ ಮೊಬೈಲನ್ನೇ ಸ್ವಲ್ಪ ಹೊತ್ತು ನೋಡಿದಳು. ರಂಗರಾಜು ಅದನ್ನು ದೂರದಿಂದ ನೋಡಿದ. ಆ ಕಿಟಕಿ ಸೀಟನ್ನು ಅವಳ ಕೈಯಿಂದ ಕಿತ್ತುಕೊಂಡವನು ತಾನೇ ಅಲ್ಲವೇ? ಒಂದು ಬಸ್ಸು ಹತ್ತಿಸಿದ್ದರೆ ಆಗುತ್ತಿದ್ದ ಕೆಲಸಕ್ಕೆ ಎಷ್ಟು ದೊಡ್ಡ ಬಾಯಿ!

ಮರುದಿನ ಮುರಿದ ಗಾಡಿಮನೆಯನ್ನು ಚಕ್ರದ ಚೌಕಟ್ಟಿನಿಂದ ಇಳಿಸಿ ಅಂಗಳದ ಮೂಲೆಯಲ್ಲಿಟ್ಟು, ಸೂರಿಗೆ ಗೂಟ ಕೊಟ್ಟ. ಸೆಕೆಗೆ ಪುಟ್ಟಿ ತಾನೇ ಬಂದು ಅದರೊಳಗೆ ಮಲಗಿತು. ಒಳಗೆ ತಂಪಾಗಿತ್ತು. ಆ ಒಂದು ಮಾತಿನಲ್ಲಿ ಮಾತ್ರ ರಂಗರಾಜು ಸುಳ್ಳು ಹೇಳಿರಲಿಲ್ಲ. ಚಿಕ್ಕಮಾದಮ್ಮ ಬೋರ್ಡನ್ನು ತಿಪ್ಪೆಯಿಂದ ತಂದು, ತೊಳೆದು, ಅದರ ಮೇಲೇ ಸಿಕ್ಕಿಸಿದಳು. ಊರಿಗೆಲ್ಲ ಈಗ ಅದು ಕೊಟ್ಟಿಗೆಯ ಹೆಸರು.

ಮುಂದಿನ ವಾರ ಅವನು ಕಚೇರಿಗೆ ರಜೆ ಹಾಕಿ ಗುಂಡ್ಲುಪೇಟೆಗೆ ಹೋದ. ಕಲ್ಲಿಕೋಟೆ ಬಸ್ಸಿಗೆ ಎರಡು ಸೀಟು ಕಾದಿರಿಸಿದ. ಒಂದು ಕಿಟಕಿ ಪಕ್ಕದ್ದು, ಒಂದು ಅದರ ಪಕ್ಕದ್ದು. ದಾರಿಯುದ್ದಕ್ಕೂ ತನ್ನ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಬಂದು, ಹೆಂಡತಿಯ ಮುಂದೆ ಟಿಕೆಟ್ಟುಗಳನ್ನಿಟ್ಟ.

"ತಪ್ಪಾಯ್ತು ಕುಮಾರಿ. ಇನ್ನು ಮನೆ ಗಿನೆ ಏನೂ ಬೇಡ. ಬಸ್ಸಲ್ಲೇ ಹೋಗನ."

ಅವಳು ಟಿಕೆಟ್ಟುಗಳನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಾಣಿಸಿತು. ಜಗಲಿಗೆ ಹೋಗಿ ಪಕ್ಕದ ಮನೆಯತ್ತ ಕೂಗಿದಳು.

"ಚಿಕ್ಕಮಾದಕ್ಕಾ! ಬ್ಯಾಗ್ ರೆಡಿ ಮಾಡ್ಕೋ! ನಿನಗೂ ಒಂದು ಸೀಟದೆ!"

ರಂಗರಾಜು ಬಾಯಿ ಬಿಟ್ಟುಕೊಂಡು ನಿಂತ. "ಮತ್ತೆ ನಾನು?"

ಕುಮಾರಿ ಹಾಲು ಕರೆಯುವ ಚೊಂಬನ್ನು ತಂದು ಅವನ ಕೈಗಿತ್ತಳು.

"ನೀವು ಇಲ್ಲೇ ಇರಿ. ಅಷ್ಟು ಕಷ್ಟಪಟ್ಟು ಮನೆ ಕಟ್ಟಿದೀರಾ, ಮನೇಲಿ ಯಾರಾದ್ರೂ ಇರಬೇಕಲ್ಲ!"