ಬೂಟು ನೋಡಿ ಬಾಗಿಲು ತೆಗೆಯುವ ಅಜ್ಜಿ

ಅಮೆರಿಕದ ಫೋರ್ಟ್ ಮಿಲ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ನನ್ನನ್ನು ಕಳ್ಳಿ ಎಂದೇ ತಿಳಿದಿದ್ದರು. ಇದನ್ನು ಬೇಜಾರಿನಿಂದ ಹೇಳುತ್ತಿಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಯಾಕೆಂದರೆ ಆ ಬೀದಿಯಲ್ಲಿ ಅತ್ಯಂತ ಕಡಿಮೆ ಆಪಾದನೆ ಹೊತ್ತವಳು ನಾನೇ! ಅಂಚೆಯವನು ಗೂಢಚಾರ, ಹುಲ್ಲು ಕತ್ತರಿಸುವವನು ಸರ್ಕಾರದ ಕಡೆಯವನು, ಚರ್ಚಿನಿಂದ ಕೇಕ್ ತರುವ ಹೆಂಗಸು ಮನೆ ಲಪಟಾಯಿಸಲು ಬಂದವಳು. ಇನ್ನು ಬೆಳಗ್ಗೆ ಎದ್ದು ಪಕ್ಕದ ಷಾರ್ಲಟ್ ನಗರಕ್ಕೆ ಡ್ರೈವ್ ಮಾಡಿಕೊಂಡು ಹೋಗಿ ಸಂಜೆ ಸುಸ್ತಾಗಿ ಬರುವ ನನ್ನ ಬಡಪಾಯಿ ಗಂಡ ಅವರ ಲೆಕ್ಕದಲ್ಲಿ ತೆರಿಗೆ ವಸೂಲಿಯವನು. ಅನುಮಾನಂ ಪೆದ್ದ ರೋಗಂ ಅನ್ನುತ್ತಾರಲ್ಲ, ಅಜ್ಜಿಗೆ ಆ ರೋಗವೇ ಆರೋಗ್ಯವಾಗಿತ್ತು. ತೊಂಬತ್ತು ದಾಟಿದರೂ ಗಟ್ಟಿಮುಟ್ಟಾಗಿದ್ದರು.

ಕೋವಿಡ್ ಸ್ವಲ್ಪ ಇಳಿದ ಮೇಲೆ ನಾವು ಆ ಮನೆಗೆ ಬಂದೆವು. ಅಕ್ಕಪಕ್ಕದವರ ಪರಿಚಯ ಬೇಡವೇ? ಒಂದು ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಂಡು ಹೋಗಿ ಬೆಲ್ ಮಾಡಿದೆ. ಬಾಗಿಲು ಒಳಗಿನ ಚೈನು ಬಿಟ್ಟಷ್ಟೇ ತೆರೆಯಿತು. ಸಂದಿಯಲ್ಲಿ ಒಂದು ನೀಲಿ ಕಣ್ಣು ಕಾಣಿಸಿತು. ಆ ಕಣ್ಣು ನನ್ನ ಮುಖ ನೋಡಲಿಲ್ಲ, ಡಬ್ಬಿಯನ್ನೂ ನೋಡಲಿಲ್ಲ, ಸೀದಾ ಕಾಲಿಗಿಳಿಯಿತು. ನಾನೋ, ಮೈಸೂರಿನವಳು, ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೇ ಬಿಡುವವಳು. ಬರಿಗಾಲಲ್ಲಿ ನಿಂತಿದ್ದೆ.

"ಶೂಸ್ ಯಾಕೆ ಬಿಚ್ಚಿದ್ದೀಯ?" ಅಂತ ಕೇಳಿದರು. ಅವರ ಇಂಗ್ಲಿಷ್ ಅರ್ಧ ಮೂಗಿನಿಂದ ಬರುತ್ತಿತ್ತು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ನಮ್ಮ ಕಡೆ ಹಾಗೇ ಆಂಟಿ, ಒಳಗೆ ಬರೋವಾಗ ಬಿಚ್ಚಿಡ್ತೀವಿ."

"ಓಹೋ, ಸದ್ದಾಗದ ಹಾಗೆ ಓಡಾಡೋದಕ್ಕೆ."

ಕೋಡುಬಳೆ ಸಂದಿಯಿಂದ ಒಳಗೆ ಹೋಯಿತು, ಬಾಗಿಲು ಮುಚ್ಚಿತು, ನಾನು ಕಳ್ಳಿಯಾದೆ. ಖಾಲಿ ಡಬ್ಬಿ ಮಾತ್ರ ಮರುದಿನವೇ ನಮ್ಮ ಮೆಟ್ಟಿಲ ಮೇಲಿತ್ತು, ಫಳಫಳ ತೊಳೆದು.

ಆಮೇಲೆ ನಾನು ಉಪಾಯ ಮಾಡಿದೆ. ಬಾತ್ರೂಮಿಗೆ ಹಾಕುವ, ಉಂಗುಷ್ಟ ಕಿತ್ತುಹೋಗಿ ಪಿನ್ನು ಚುಚ್ಚಿದ್ದ ಹವಾಯಿ ಚಪ್ಪಲಿಯಲ್ಲೇ ಹೋದೆ. ನೀಲಿ ಕಣ್ಣು ಕೆಳಗಿಳಿಯಿತು, ಪಿನ್ನಿನ ಮೇಲೆ ನಿಂತಿತು, ಚೈನು ಕಳಚಿತು! ಮದುವೆಗೆ ಕೊಂಡ ರೇಷ್ಮೆ ಸೀರೆಯೂ ನನಗೆ ಇಷ್ಟು ಮರ್ಯಾದೆ ತಂದುಕೊಟ್ಟಿರಲಿಲ್ಲ. ನನ್ನ ಗಂಡ ಮಾತ್ರ ಪಾಲಿಶ್ ಹಾಕಿದ ಆಫೀಸ್ ಬೂಟು ಬಿಡಲೊಲ್ಲದೆ ಕೊನೆಯವರೆಗೂ ಬಾಗಿಲಾಚೆಯೇ ಉಳಿದರು.

ಒಳಗೆ ಹೋದ ಮೇಲೆ ಅನುಮಾನಪಡುವ ಸರದಿ ನಮ್ಮದಾಯಿತು. ಬಾಗಿಲ ಪಕ್ಕದಲ್ಲೇ ಗೋಡೆಗೊರಗಿಸಿ ಒಂದು ಮರದ ಪೆಟ್ಟಿಗೆ, ಆಳುದ್ದ, ಮೇಲೆ ಮುಚ್ಚಳ. ಬೆಂಚು ಇರಬೇಕೆಂದು ಕೂರಲು ಹೋದರೆ ಅಜ್ಜಿ ಹಾಂ ಹಾಂ ಎಂದು ಎಬ್ಬಿಸಿಬಿಟ್ಟರು. ಮನೆಗೆ ಬಂದು ಹೇಳಿದರೆ ನನ್ನ ಗಂಡ ಗಂಭೀರವಾಗಿ, ಅದು ಶವಪೆಟ್ಟಿಗೆಯೇ ಸರಿ, ಮುಂಜಾಗ್ರತೆಗೆ ಇಟ್ಟುಕೊಂಡಿದ್ದಾರೆ, ನಮಗ್ಯಾಕೆ ಊರ ಉಸಾಬರಿ ಎಂದರು. ಇಲ್ಲೇ ಹುಟ್ಟಿದ ನಮ್ಮ ಮಗಳಿಗೆ ಇಂಥ ಸಂಕೋಚವೆಲ್ಲ ಎಲ್ಲಿಯದು? ಒಂದು ದಿನ ನನ್ನ ಜೊತೆ ಬಂದವಳು, ಇದರೊಳಗೆ ಯಾರಾದರೂ ಇದ್ದಾರಾ ಅಂತ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಜ್ಜಿ ನಗಲಿಲ್ಲ. ಮುಚ್ಚಳ ಎತ್ತಿದರು. ಒಳಗೆ ಒಂದು ದಿಂಬು, ತೇಪೆ ಮೇಲೆ ತೇಪೆ ಹಾಕಿದ ಕಂಬಳಿ.

ಅವತ್ತೇ ಅವರ ಊರಿನ ಕತೆ ಹೊರಬಂದದ್ದು. ಅಜ್ಜಿ ಹುಟ್ಟಿದ್ದು ಮೇಯ್ನ್ ರಾಜ್ಯದ ಉತ್ತರ ತುದಿಯಲ್ಲಿ, ನದಿ ದಾಟಿದರೆ ಕೆನಡಾ. ಮನೆಮಾತು ಫ್ರೆಂಚ್. ಅಪ್ಪನದು ಆಲೂಗಡ್ಡೆ ಬೇಸಾಯ, ಮನೆ ತುಂಬ ಮಕ್ಕಳು. ಇವರು ಚಿಕ್ಕವರಿದ್ದಾಗ ಇಡೀ ದೇಶಕ್ಕೇ ಕೆಟ್ಟ ಕಾಲ. ಆಲೂಗಡ್ಡೆಯನ್ನು ಕೇಳುವವರಿಲ್ಲ. ಬೆಳಗ್ಗೆ ಅದೇ ಬೇಯಿಸಿದ್ದು, ರಾತ್ರಿ ಅದೇ ಹುರಿದದ್ದು. ಹಿಟ್ಟಿನ ಚೀಲ ಬಿಚ್ಚಿ ಹೊಲಿದ ಲಂಗ. ಶಾಲೆಯಲ್ಲಿ ಫ್ರೆಂಚ್ ಮಾತಾಡಿದರೆ ಮೇಷ್ಟರು ಕೈಮೇಲೆ ಬಾರಿಸುತ್ತಿದ್ದರಂತೆ. ಅಂಥ ಬಡತನದಲ್ಲೂ ಬಾಗಿಲ ಪಕ್ಕ ಈ ಪೆಟ್ಟಿಗೆಯಂಥ ಬೆಂಚು, ಅಲೆದಾಡಿಕೊಂಡು ಬರುವ ಭಿಕ್ಷುಕನಿಗೆಂದೇ ಮೀಸಲು. ಮನೆಯವರು ಯಾರೂ ಕೂರುವಂತಿಲ್ಲ. ಅವನು ಬಂದರೆ ಊಟ, ಈ ಪೆಟ್ಟಿಗೆಯೊಳಗೇ ಹಾಸಿಗೆ. ತಿನ್ನುವ ಮೊದಲು ಯಾರು, ಎಲ್ಲಿಂದ ಬಂದೆ ಎಂದು ಕೇಳಬಾರದು. ಕೇಳಿದರೆ ಅವನ ಶಾಪ ತಟ್ಟುತ್ತದೆ.

"ನಮ್ಮನೆ ಬಾಗಿಲಿಗೆ ಬರ್ತಿದ್ದೋರು ಮೂರೇ ಜನ," ಎಂದರು ಅಜ್ಜಿ. "ಭಿಕ್ಷುಕ, ತೆರಿಗೆಯವನು, ಶಾಲೆ ಮೇಷ್ಟ್ರು. ಯಾರು ಅಂತ ಕೇಳೋ ಹಾಗಿಲ್ವಲ್ಲ, ಅದಕ್ಕೆ ಅಮ್ಮ ಬಾಗಿಲ ಸಂದೀಲಿ ಬೂಟು ನೋಡು ಅಂತಿದ್ಲು. ಹರಿದಿದ್ರೆ ತೆಗಿ. ಹೊಳೀತಿದ್ರೆ ಅಪ್ಪ ಮನೇಲಿಲ್ಲ ಅನ್ನು."

ಅಜ್ಜಿಯ ಗಂಡನಿಗೆ ಬಟ್ಟೆ ಮಿಲ್ಲಿನಲ್ಲಿ ಕೆಲಸ. ಮಿಲ್ಲು ದಕ್ಷಿಣಕ್ಕೆ ಬಂದಾಗ ಇವರೂ ಬಂದರು, ಹಿಂದೆಯೇ ಬೆಂಚೂ ಬಂತು. ಈ ಫೋರ್ಟ್ ಮಿಲ್‌ಗೆ ಕಾರಿಲ್ಲದೆ ಯಾವ ಭಿಕ್ಷುಕ ಬಂದಾನು? ಆದರೂ ಕಂಬಳಿಯನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕುವುದು ತಪ್ಪಲಿಲ್ಲ.

ಅಜ್ಜಿ ನಮ್ಮ ಮನೆಗೂ ಬರತೊಡಗಿದರು. ನನ್ನ ದೋಸೆಯ ಮೇಲೆ ಅವರಿಗೆ ವಿಶೇಷ ಸಂಶಯ. ಅವರ ಊರಲ್ಲೂ ಹಿಟ್ಟು ಕಲಸಿ ಕಾವಲಿಗೆ ಹೊಯ್ಯುವ ಒಂದು ತಿಂಡಿ ಇದೆಯಂತೆ, ನಮ್ಮ ಸೆಟ್ ದೋಸೆಯ ಹಾಗೆ ಮೈತುಂಬ ತೂತು. ಅದನ್ನು ಮಗುಚುವಂತಿಲ್ಲ. ನಾನು ದೋಸೆ ಮಗುಚಿದ ಕೂಡಲೇ ಕೊರಳು ಚಾಚಿ, ಏನನ್ನು ಮುಚ್ಚಿಡುತ್ತಿದ್ದೀಯ ಎಂದು ವಿಚಾರಣೆ ಶುರು ಮಾಡುತ್ತಿದ್ದರು. ಆದರೂ ತಿನ್ನುವುದರಲ್ಲಿ ಹಿಂದೆ ಬೀಳುತ್ತಿರಲಿಲ್ಲ!

ಅಜ್ಜಿಗೆ ಒಬ್ಬನೇ ಮಗ, ಮೂರು ಗಂಟೆ ದಾರಿಯ ರಾಲಿಯಲ್ಲಿದ್ದಾನೆ. ಅವನೂ ಅಜ್ಜನಾದವನೇ, ಒಳ್ಳೆಯ ಮನುಷ್ಯ. ಅಮ್ಮ ಎರಡು ಸಲ ಬಿದ್ದ ಮೇಲೆ, ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ಸೇರಿಸುತ್ತೇನೆಂದು ಹಟ ಹಿಡಿದಿದ್ದ. ನಡೆದುಕೊಂಡು ಈ ಬಾಗಿಲು ದಾಟುವುದಿಲ್ಲ, ಎತ್ತಿಕೊಂಡೇ ಹೋಗಬೇಕು ಎಂದು ಅಜ್ಜಿಯ ಹಟ. ಜ್ಞಾಪಕ ಸರಿ ಇರುವವರೆಗೂ ಈ ಮನೆಯಲ್ಲೇ ಇರಬಹುದು ಎಂಬಲ್ಲಿಗೆ ರಾಜಿಯಾಗಿತ್ತು. ಅಂದಿನಿಂದ ಅಜ್ಜಿ ನಮ್ಮನ್ನು ಕಂಡರೆ ಸಾಕು, ಜ್ಞಾಪಕ ಪರೀಕ್ಷಿಸಲು ಡಾಕ್ಟರು ಕೇಳುವ ದೇಶದ ಅಧ್ಯಕ್ಷರ ಹೆಸರನ್ನು ತಾವಾಗಿಯೇ ಹೇಳುತ್ತಿದ್ದರು, ಜೊತೆಗೆ ಅವರ ಮೇಲಿನ ಅನುಮಾನವನ್ನೂ.

ಆ ಕ್ರಿಸ್‌ಮಸ್‌ಗೆ ಮಗ ಬಂದ. ಪಾಪ, ಹೊಸ ಬೂಟು ಹಾಕಿಕೊಂಡು ಬಂದಿದ್ದ. ಬಾಗಿಲು ಚೈನಿನಷ್ಟು ತೆರೆಯಿತು, ಕಣ್ಣು ಕೆಳಗಿಳಿಯಿತು.

"ಅಪ್ಪ ಮನೇಲಿಲ್ಲ," ಎಂದು ಬಾಗಿಲು ಹಾಕಿಬಿಟ್ಟರು.

ಅವನು ನಮ್ಮ ಮನೆಗೆ ಬಂದು ಸೋಫಾದಲ್ಲಿ ಮುಖ ಮುಚ್ಚಿಕೊಂಡು ಕೂತ. ಬೂಟಿನ ವಿಷಯ ನಾನು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಅಮ್ಮನಿಗೆ ನನ್ನ ಗುರುತೇ ಸಿಗಲಿಲ್ಲ ಅಂದ. ಸಿಗಲಿಲ್ಲವೋ, ಸಿಕ್ಕಿಯೇ ತೆಗೆಯಲಿಲ್ಲವೋ, ಯಾರಿಗೆ ಗೊತ್ತು? ಹೊಸ ವರ್ಷ ಕಳೆಯುತ್ತಲೇ ಅಜ್ಜಿಯನ್ನು ಊರಾಚೆಯ ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದ. ಅಜ್ಜಿ ನಡೆದೇ ಹೋದರು. ಬೆಂಚು ಮಾತ್ರ ನಮ್ಮ ಮನೆಗೆ ಎಂದು ಹೇಳಿ ಹೋದರು. ಮಗನೂ ನನ್ನ ಗಂಡನೂ ಎರಡು ಕಡೆ ಹಿಡಿದು ತಂದು ನಮ್ಮ ಬಾಗಿಲ ಪಕ್ಕ ಇಟ್ಟರು. ನನಗೆ ಅವತ್ತು ಅಡುಗೆ ಮಾಡುವ ಮನಸ್ಸಾಗಲಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಬೆಲ್ ಆಯಿತು. ತೆಗೆದರೆ ಅಜ್ಜಿ, ಕೈಯಲ್ಲಿ ಒಂದು ಚೀಲ. ವೃದ್ಧಾಶ್ರಮದವರನ್ನು ಚರ್ಚಿಗೆ ಕರೆದೊಯ್ಯುವ ವ್ಯಾನಿನವನಿಗೆ ಇದೇ ನನ್ನ ಮನೆ ಎಂದು ಹೇಳಿ ಇಳಿದುಬಿಟ್ಟಿದ್ದರು. ಏನು ಎತ್ತ ಎಂದು ಕೇಳಲು ಬಾಯಿ ತೆರೆದವಳು ಯಾಕೋ ಮೊದಲು ಅವರ ಕಾಲು ನೋಡಿದೆ. ಒಳಗೆ ಹಾಕುವ ಬಟ್ಟೆಯ ಚಪ್ಪಲಿ, ಹೆಬ್ಬೆರಳ ಹತ್ತಿರ ಹರಿದಿತ್ತು. ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂರಿಸಿ ದೋಸೆ ಹೊಯ್ದೆ. ಮಗುಚಲಿಲ್ಲ.

ನನ್ನ ಗಂಡ ಅಜ್ಜಿಯ ಮಗನಿಗೆ ಫೋನ್ ಮಾಡಿದರು. ಅವನು ರಾಲಿಯಿಂದ ಒಂದೇ ಉಸಿರಿಗೆ ಬಂದ. ನಮ್ಮ ಮನೆಯ ಪದ್ಧತಿ ಅವನಿಗೆ ಗೊತ್ತು. ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲಿ ಬಂದು ಅಮ್ಮನ ಮುಂದೆ ನಿಂತ. ಅಜ್ಜಿಯ ಕಣ್ಣು ಅಭ್ಯಾಸದಂತೆ ಕೆಳಗಿಳಿಯಿತು. ಅಲ್ಲಿ ಬೂಟೇ ಇರಲಿಲ್ಲ. ಬೇರೆ ದಾರಿ ಕಾಣದೆ ಕಣ್ಣು ಮೇಲೇರಿ ಅವನ ಮುಖದ ಮೇಲೆ ನಿಂತಿತು, ತುಂಬ ಹೊತ್ತು. ಅವನು ಅಮ್ಮಾ ಅನ್ನಲು ಹೊರಟ. ಅಜ್ಜಿ ಕೈಯೆತ್ತಿ ತಡೆದು, ಸ್ವಲ್ಪ ಸರಿದು ಬೆಂಚಿನ ಮೇಲೆ ಜಾಗ ಮಾಡಿದರು. ತಮ್ಮ ತಟ್ಟೆಯನ್ನು ಅವನತ್ತ ತಳ್ಳಿದರು.

"ಮೊದ್ಲು ತಿನ್ನು. ಯಾರು ಅಂತ ಆಮೇಲೆ ಕೇಳ್ತೀನಿ."

ಅವನು ಕಣ್ಣೀರು ಒರೆಸಿಕೊಳ್ಳುತ್ತ ತಿಂದ. ಅಜ್ಜಿ ಅವನ ಬೆನ್ನು ಸವರುತ್ತ ಕೂತಿದ್ದರು. ಆಮೇಲೂ ಅಜ್ಜಿ, ನೀನು ಯಾರು ಅಂತ ಕೇಳಲೇ ಇಲ್ಲ. ಗೊತ್ತಿದ್ದೇ ಕೇಳಲಿಲ್ಲ ಎಂದು ನನಗೆ ಇವತ್ತಿಗೂ ಅನುಮಾನ.