ಟಿ.ವಿ.ಯೊಳಗಿನ ಸಾಹೇಬರೂ ನನ್ನ ನಡಾವಳಿಯೂ

ಸಭೆ ಶಿಸ್ತಾಗಿ ನಡೆಯಬೇಕು ಎಂದು ಹಟ ಹಿಡಿದವರ ಕಣ್ಣೆದುರಿಗೇ ಸಭೆಗಳು ಹೆಚ್ಚು ಹಳಿ ತಪ್ಪುತ್ತವೆ ಎಂದು ನನಗೆ ಬಹಳ ಕಾಲದಿಂದ ಅನುಮಾನ. ನನ್ನ ಪಾಲಿಗಂತೂ ತಪ್ಪದೆ ಹಾಗೇ ಆಗುತ್ತ ಬಂದಿದೆ.

ನಾನು ಮಸ್ಕಿಯ ಒಂದು ತುಂಬಿದ ಮನೆಯ ಹಿರಿಯಳು. ರಾಯಚೂರಿನಲ್ಲಿ ಕಾಲೇಜು ಓದಿ, ಬಿ.ಎ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದೆ. ಬೀಗರ ಮಾತುಕತೆ ಇರಲಿ, ಓಣಿಯ ಹೆಂಗಸರ ಕೂಟ ಇರಲಿ, ಯಾರು ಬಂದರು, ಯಾರು ಏನಂದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಬರೆದಿಡುವುದು ನನ್ನ ರೂಢಿ. ನಮ್ಮ ಮನೆಯವರು ಒಮ್ಮೆ, "ನಿನ್ನ ಮುಂದ ಬಾಯಿ ಬಿಡಾಕ ಅಂಜಿಕಿ ಬರ್ತೈತಿ ನೋಡು, ಎಲ್ಲಾ ದಾಖಲಾಗಿ ಬಿಡ್ತೈತಿ" ಅಂದರು. ಅದನ್ನೂ ಬರೆದುಕೊಂಡೆ.

ತೊಂಬತ್ತರ ದಶಕದ ನಡುವಿನ ಮಾತು. ಪಂಚಾಯಿತಿಗಳಿಗೆ ಹೊಸದಾಗಿ ಆರಿಸಿ ಬಂದ ಹೆಣ್ಣುಮಕ್ಕಳಿಗೆ ಟಿ.ವಿ. ಮೂಲಕ ತರಬೇತಿ ಶುರುವಾಯಿತು. ವಿಷಯ ತಿಳಿದ ಸಾಹೇಬರೊಬ್ಬರು ಬೆಂಗಳೂರಿನಲ್ಲಿ ಕುಳಿತು ಮಾತಾಡುವುದು, ಅವರ ಚಿತ್ರ ಆಕಾಶದಿಂದ ಇಳಿದು ತಾಲೂಕು ತಾಲೂಕಿನ ಟಿ.ವಿ.ಯಲ್ಲಿ ಕಾಣುವುದು. ನಾವು ಅವರನ್ನು ನೋಡಬಹುದು, ಅವರಿಗೆ ನಾವು ಕಾಣುವುದಿಲ್ಲ. ಏನಾದರೂ ಕೇಳಬೇಕೆಂದರೆ ಫೋನು ಹಚ್ಚಬೇಕು. ಹಚ್ಚಿದರೆ ನಮ್ಮ ದನಿ ಎಲ್ಲ ತಾಲೂಕಿನ ಟಿ.ವಿ.ಗಳಲ್ಲೂ ಕೇಳುತ್ತದೆ. ಈಗ ನಮ್ಮ ಮೊಮ್ಮಕ್ಕಳು ಪರದೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ಮೀಟಿಂಗ್ ಮಾಡುವುದನ್ನು ಕಂಡಾಗ ನಾನು ಹೇಳುವುದಿಷ್ಟೇ: ನಾವು ಅದರಲ್ಲಿ ಅರ್ಧವನ್ನು ಆಗಲೇ ಮಾಡಿದ್ದೆವು. ಮುಖ ಅವರದು, ದನಿ ನಮ್ಮದು.

ತರಬೇತಿ ಲಿಂಗಸುಗೂರಿನ ಒಂದು ಹಾಲಿನಲ್ಲಿ. ನಾನು ಸದಸ್ಯೆಯಲ್ಲದಿದ್ದರೂ ಓದಿದವಳು ಎಂದು ಸಭೆಯ ನಡಾವಳಿ ಬರೆಯುವ ಕೆಲಸ ನನಗೆ ಬಂತು. ಉಸ್ತುವಾರಿಗೆ ತಾಲೂಕಿನ ಒಬ್ಬ ಅಧಿಕಾರಿ ಇದ್ದರು. ಬಂದ ಸದಸ್ಯರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದವಳು ಗುರುಗುಂಟಾದಾಕೆ. ಕುರಿ ಸಾಕುವ ಮನೆತನದವಳು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಮನಸ್ಸು. ಅವಳ ಓಣಿಯ ಕೈಪಂಪು, ನಮ್ಮ ಕಡೆಯ ಮಾತಿನಲ್ಲಿ ಬೋರಿಂಗ್, ಹಿಡಿಕೆ ಮುರಿದು ಬೇಸಿಗೆಯಿಂದ ಹಾಗೇ ನಿಂತಿತ್ತು. ಹೆಂಗಸರು ದೂರದ ಹೊಲದ ಬಾವಿಯಿಂದ ನೀರು ಹೊರುತ್ತಿದ್ದರು. ಇದೇ ಅಧಿಕಾರಿಯನ್ನು ಕೇಳಿದಾಗೆಲ್ಲ, "ನಿನ್ನ ಅರ್ಜಿ ಮ್ಯಾಲ ಹೋಗೈತವಾ" ಎಂದೇ ಉತ್ತರ.

"ಮ್ಯಾಲ ಅಂದ್ರ ಎಲ್ಲೀ?" ಎಂದು ಕೇಳಿದಳಂತೆ.

"ಬೆಂಗಳೂರಾಗ."

ಬೆಂಗಳೂರಿನವರ ಜೊತೆ ಫೋನಿನಲ್ಲಿ ಮಾತಾಡಬಹುದು ಎಂದು ತಿಳಿದದ್ದೇ ಅವಳು ಬಸ್ಸು ಹತ್ತಿ ಬಂದಿದ್ದಳು. "ಮ್ಯಾಲ ಹೋಗಿದ್ದನ್ನ ಮ್ಯಾಲಿನವರನ್ನೇ ಕೇಳ್ತೀನ್ರೀ ಅಕ್ಕೋರ. ಉಳಿದದ್ದು ನೀವು ಕಲೀರಿ" ಎಂದಳು ನನಗೆ.

೧. ಛತ್ರಿ ತಿರುಗಿದ್ದು

ಮೊದಲ ದಿನ ಪರದೆಯ ಮೇಲೆ ಬರೀ ಕಪ್ಪುಬಿಳಿ ಚುಕ್ಕೆ. ಸಿಂಧನೂರಿನಿಂದ ಮೆಕ್ಯಾನಿಕ್ ಚಾಚಾ ಬಂದು ಮಾಳಿಗೆ ಹತ್ತಿದರು. ಅಲ್ಲಿ ನಿಲ್ಲಿಸಿದ್ದ ದೊಡ್ಡ ಡಿಶ್‌ಗೆ ನಮ್ಮವರೆಲ್ಲ ಛತ್ರಿ ಅನ್ನುತ್ತಿದ್ದರು. ಚಾಚಾ ಮೇಲೆ ಅದನ್ನು ತುಸು ತುಸು ತಿರುಗಿಸುವುದು, ಚಿತ್ರ ಬಂತೋ ಇಲ್ಲವೋ ಎಂದು ಕೆಳಗಿನವರು ಕೂಗಿ ಹೇಳುವುದು ಎಂದಾಯಿತು.

"ಆಯಾ ಕ್ಯಾ?"

"ಇಲ್ರೀ!"

"ಅಬ್ ಆಯಾ?"

"ಚುಕ್ಕಿ ದೊಡ್ಡುವಾದ್ವು ನೋಡ್ರೀ!"

ಹೀಗೇ ನಡೆದು ನನ್ನ ತಾಳ್ಮೆ ತೀರುವ ಹೊತ್ತಿಗೆ ಪರದೆ ಬಣ್ಣಬಣ್ಣವಾಗಿ ಬೆಳಗಿತು. ಹಾಲಿನಲ್ಲಿ ಒಮ್ಮೆಗೇ ಹೋ ಎಂಬ ಕೂಗು.

"ಬಂತೇನ್ರೀ?" ಎಂದರು ಚಾಚಾ ಮೇಲಿಂದ.

"ಬಂತ್ರೀ ಬಂತ್ರೀ! ಅಲ್ಲಾಡಿಸಬ್ಯಾಡ್ರೀ!"

ಚಾಚಾ ನಟ್ಟು ಬಿಗಿದರು. ಇನ್ನೊಂದು ಸಲ ಬಿಗಿದರು. ಕೆಳಗಿಳಿದು, ಚಹಾ ಕುಡಿದು, ಸಿಂಧನೂರು ಬಸ್ಸು ಹಿಡಿದರು. ಬಂದದ್ದು ಮಾತ್ರ ಯಾವುದೋ ಬೇರೆ ಚಾನೆಲ್ಲು. ಗುಡ್ಡದ ಮೇಲೊಬ್ಬ ಹುಡುಗಿ ಚೂಡಿದಾರ ಹಾಕಿಕೊಂಡು ಹಿಂದಿ ಹಾಡಿಗೆ ಕುಣಿಯುತ್ತಿದ್ದಳು. ಸಂತೆಯಲ್ಲೂ ಸುಮ್ಮನೆ ಕೂರದ ಹೆಂಗಸರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ತರಬೇತಿಗೆ ಇಷ್ಟು ಗಮನ ಕೊಡುವ ಸದಸ್ಯರನ್ನು ನಾನು ಮತ್ತೆ ಕಂಡಿಲ್ಲ.

ಅಧಿಕಾರಿ ಒಳಗೆ ಬಂದವರೇ ತಲೆ ಮೇಲೆ ಕೈ ಇಟ್ಟುಕೊಂಡರು. "ಇದು ತರಬೇತಿ ಅಲ್ಲವ್ವಾ! ಬಂದ್ ಮಾಡ್ರಿ!"

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಸದಸ್ಯೆ ಅವರ ಅಂಗಿ ಹಿಡಿದು ಕೂರಿಸಿದಳು. "ಯಾಕಪಾ ಅವಸರ ಮಾಡ್ತೀದಿ? ಹಾಡು ಮುಗೀಲಿ ತಡಿ. ಆಮ್ಯಾಲ ಗ್ರಾಮಸಭಾ ಹೇಳ್ತಾಳ."

೨. ಅದೇ ಊರಿನ ಇನ್ನೊಬ್ಬಾಕೆ

ಮರುದಿನ ಚಾಚಾ ಮತ್ತೆ ಬಂದರು. ಈ ಸಲ ಸಾಹೇಬರು ಕಂಡ ಮೇಲೆಯೇ ನಾನು ಅವರಿಗೆ ಚಹಾ ಕೊಡಿಸಿದೆ. ಬೆಂಗಳೂರಿನ ಸಾಹೇಬರು ಕನ್ನಡಕ ಹಾಕಿದ, ದಪ್ಪ ಮೀಸೆಯ, ಒಳ್ಳೆ ಮಾತಿನ ಮನುಷ್ಯ. "ಈಗ ಲಿಂಗಸುಗೂರಿನವರು ಪ್ರಶ್ನೆ ಕೇಳಬಹುದು" ಎಂದರು.

ಫೋನು ಪಕ್ಕದ ಕೋಣೆಯಲ್ಲಿತ್ತು. ನಾನು ನಂಬರು ತಿರುಗಿಸಿ, ಲೈನು ಸಿಕ್ಕ ಕೂಡಲೇ ಗುರುಗುಂಟಾದಾಕೆಯ ಕೈಗೆ ಕೊಟ್ಟೆ. ಅವಳು ಸೆರಗು ಹೊದ್ದು, ಗಂಟಲು ಸರಿಮಾಡಿಕೊಂಡು ಅಂದಳು:

"ನಮಸ್ಕಾರ್ರೀ. ನಾ ಗುರುಗುಂಟಾದಾಕಿ."

ಅವಳ ದನಿ ಬೆಂಗಳೂರಿಗೆ ಹೋಗಿ, ಆಕಾಶಕ್ಕೇರಿ, ಛತ್ರಿಗಿಳಿದು, ತುಸು ತಡವಾಗಿ ನಮ್ಮ ಹಾಲಿನ ಟಿ.ವಿ.ಯಿಂದ ಹೊರಬಿತ್ತು.

"ನಮಸ್ಕಾರ್ರೀ. ನಾ ಗುರುಗುಂಟಾದಾಕಿ."

ಅವಳು ಬೆಚ್ಚಿ ಬಾಗಿಲ ಕಡೆ ನೋಡಿದಳು. "ಯಾರವಾ ನೀನು? ಗುರುಗುಂಟಾದಾಕಿ ನಾ ಇಲ್ಲಿ ಅದೀನಲಾ!"

"ಯಾರವಾ ನೀನು? ಗುರುಗುಂಟಾದಾಕಿ ನಾ ಇಲ್ಲಿ ಅದೀನಲಾ!" ಎಂದಿತು ಟಿ.ವಿ.

"ಏ, ಯಾರ ಮನಿಯಾಕಿಬೇ ನೀ? ಗಂಡನ ಹೆಸರು ಹೇಳು!"

ಟಿ.ವಿ.ಯೂ ಅದನ್ನೇ ಕೇಳಿತು. ಅಷ್ಟೇ ಸಿಟ್ಟಿನಿಂದ, ಎಲ್ಲ ತಾಲೂಕುಗಳಿಗೆ ಕೇಳುವಂತೆ. ಬಾಗಿಲಿನಿಂದ ಕಾಣುತ್ತಿದ್ದ ಪರದೆಯ ಮೇಲೆ ಸಾಹೇಬರು ಎರಡೂ ಕೈ ಎತ್ತಿ, "ಅಮ್ಮಾ, ನಿಮ್ಮ ಟಿ.ವಿ. ಸೌಂಡ್ ಕಡಿಮೆ ಮಾಡಿ" ಎನ್ನುತ್ತಿದ್ದರು. ನಾನು ಹಾಲಿಗೆ ಓಡಿ ಯಾವ ಗುಂಡಿ ಎಂದು ಹುಡುಕುವಷ್ಟರಲ್ಲಿ ಲೈನು ಕಟ್ಟಾಯಿತು. ಆ ದಿನದ ಪ್ರಶ್ನೆಯ ಹೊತ್ತೂ ಮುಗಿಯಿತು.

ಅವಳು ಬೆವರು ಒರೆಸುತ್ತ ಹೊರಗೆ ಬಂದಳು. ಬೋರಿಂಗಿನ ಮಾತು ಬಾಯಿಗೇ ಬಂದಿರಲಿಲ್ಲ. ಅದರ ಸಂಕಟ ಒಂದು ಕಡೆಯಾದರೆ ಸೋತು ಬಂದ ಸಿಟ್ಟು ಇನ್ನೊಂದು ಕಡೆ.

"ಬಾಳ ಜಗಳಗಂಟಿ ಅದಾಳ್ರೀ ಅಕ್ಕೋರ ಆಕಿ" ಎಂದಳು. "ಒಂದು ಮಾತರ ತನ್ನ ಬುದ್ಧಿಲೆ ಆಡ್ತಾಳೇನು? ನಾ ಅಂದಿದ್ದನ್ನೇ ಹೊಳ್ಳಿಸಿ ನನಗ ಅಂತಾಳ!"

೩. ಮಾದರಿ ಊರಿನ ನಕ್ಷೆ

ಮೂರನೆಯ ದಿನ ಸಾಹೇಬರು ಮಾತು ನಿಲ್ಲಿಸಿ ಒಂದು ನಕ್ಷೆ ತೋರಿಸಿದರು. ಅವರ ಮುಖ ಮಾಯವಾಗಿ ಪರದೆ ತುಂಬ ಒಂದು ಮಾದರಿ ಊರು: ನೆಟ್ಟಗಿನ ರಸ್ತೆ, ಅದರ ಪಕ್ಕ ಸಾಲುಗಿಡ, ಶಾಲೆ, ಕೆರೆ, ಮನೆಮನೆಗೆ ನಳ, ಮನೆಮನೆಗೆ ಪಾಯಖಾನೆ. ಎಲ್ಲಿಯೂ ತಿಪ್ಪೆ ಇಲ್ಲ.

ಹೆಂಗಸರು ಬಾಯಿ ತೆರೆದು ನೋಡಿದರು. ಮುದುಕಿ ಸದಸ್ಯೆ ನನ್ನನ್ನು ಮೊಣಕೈಯಿಂದ ತಿವಿದು, "ಯಾವ ತಾಲೂಕ್ರೀ ಅಕ್ಕೋರ ಈ ಊರು?" ಎಂದಳು.

"ಇದು ಎಲ್ಲಿಯೂ ಇಲ್ಲಮ್ಮ. ಹೀಗಿರಬೇಕು ಅಂತ ಬರೆದದ್ದು."

"ಇಲ್ಲಂತ ಹ್ಯಾಂಗಂತೀರಿ? ಟಿ.ವಿ.ಯಾಗ ಬಂದೈತಿ. ಫೋನ್ ಹಚ್ಚಿ ಕೇಳ್ರೀ, ಆ ಊರಾಗ ವರ ಅದಾವೇನು ಅಂತ. ನನ್ನ ಮೊಮ್ಮಗಳನ್ನ ಕೊಡ್ತೀನಿ."

ಆಗ ಸಾಹೇಬರ ದನಿ ಬಂತು: "ಎಲ್ಲರೂ ಈ ನಕ್ಷೆ ಬರೆದುಕೊಳ್ಳಿ." ಬರೆದುಕೊಳ್ಳುವ ಮಾತು ಬಂದರೆ ನಾನು ಬಿಡುವವಳಲ್ಲ. ಎಲ್ಲರ ಕೈಗೂ ಪೆನ್ಸಿಲ್ ಕೊಟ್ಟೆ. ಅವರಲ್ಲಿ ನಮ್ಮ ಮಸ್ಕಿಯ ಸದಸ್ಯೆಯೊಬ್ಬಳು ಕಸೂತಿಯಲ್ಲಿ ಎತ್ತಿದ ಕೈ. ಯಾವ ಸೀರೆಯ ಡಿಸೈನು ಹಿಡಿಸಿದರೂ ಅದರ ಮೇಲೆ ಬಟರ್ ಪೇಪರ್ ಇಟ್ಟು ಗೆರೆ ಎಳೆದುಕೊಂಡು ಬರುವುದು ಅವಳ ಪದ್ಧತಿ. ಚೀಲದಿಂದ ಬಟರ್ ಪೇಪರ್ ತೆಗೆದವಳೇ ಸೀದಾ ಹೋಗಿ ಟಿ.ವಿ. ಗಾಜಿಗೆ ಹಚ್ಚಿ, ಪರದೆಯ ಮೇಲಿನ ಗೆರೆಗಳನ್ನೇ ತಿದ್ದತೊಡಗಿದಳು. ಹಿಂದಿನವರಿಗೆ ಅವಳ ಬೆನ್ನು ಬಿಟ್ಟು ಬೇರೇನೂ ಕಾಣದಾಯಿತು.

"ಆಚೆ ಸರಿಯವಾ, ನಮಗೂ ಕಾಣಬೇಕಲ್ಲ!"

"ತಡೀರಿ, ಸಾಲಿ ಮುಗೀತು. ಕೆರಿ ಹಚ್ಚಾಕತ್ತೀನಿ."

ಅವಳ ಕಣ್ಣು ಪೆನ್ಸಿಲಿನ ತುದಿಯಲ್ಲಿತ್ತು. ಬೆಂಗಳೂರಿನಲ್ಲಿ ನಕ್ಷೆ ತೆಗೆದು ಮತ್ತೆ ಸಾಹೇಬರ ಮುಖ ಹಾಕಿದ್ದು ಗೊತ್ತಾಗಲಿಲ್ಲ. ಗೆರೆ ಕಂಡಲ್ಲಿ ಗೆರೆ ಎಳೆಯುತ್ತ ಹೋದಳು.

ಆಮೇಲೆ ಅಧಿಕಾರಿ ಎಲ್ಲರ ನಕ್ಷೆ ನೋಡುತ್ತ ಬಂದರು. ಅವಳ ಹಾಳೆಯ ಮುಂದೆ ಬಹಳ ಹೊತ್ತು ನಿಂತರು.

"ಸಾಲಿ ತಿಳೀತು. ರಸ್ತಾ ತಿಳೀತು. ಊರ ನಡುವ ಈ ಎರಡು ದುಂಡಗಿನವು ಏನವಾ? ಬಾವಿಗಳೇನು?"

ಅವಳು ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಆಮೇಲೆ ನಿಧಾನವಾಗಿ ಅಂದಳು: "ಅವು ಸಾಹೇಬ್ರ ಕನ್ನಡಕ್ರೀ. ಅದರ ಕೆಳಗಿನ ಅಡವಿ ಅವರ ಮೀಸಿ."

೪. ಕೊನೆಯ ದಿನದ ಪ್ರಶ್ನೆ

ಕೊನೆಯ ದಿನ ಗುರುಗುಂಟಾದಾಕೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕುಳಿತಳು. "ಇವತ್ತು ಕೇಳದಿದ್ರ ಆತ್ರೀ ಅಕ್ಕೋರ. ಮುಂದಿನ ಬ್ಯಾಸಿಗಿಗೂ ನಮ್ಮ ಹುಡುಗ್ಯಾರು ಕೊಡ ಹೊರೂದಾ" ಎಂದಳು.

ಅಧಿಕಾರಿಗೂ ಅವಳು ಏನು ಕೇಳುತ್ತಾಳೆಂದು ಗೊತ್ತಿತ್ತು. ಒಂದು ಚೀಟಿ ತಂದು ನನ್ನ ಕೈಗಿಟ್ಟರು. 'ಗ್ರಾಮಸಭೆಯ ಮಹತ್ವವೇನು?' ಎಂದು ಬರೆದಿತ್ತು. "ಇದೊಂದ ಪ್ರಶ್ನೆ ಸಾಕ್ರೀ ಅಮ್ಮಾರ. ನೀವೇ ಓದಿಬಿಡ್ರಿ, ಚಂದ ಕೇಳ್ತೈತಿ."

"ನಾನು ಬರೆಯುವವಳು, ಕೇಳುವವಳಲ್ಲ" ಎಂದು ಚೀಟಿ ವಾಪಸ್ಸು ಕೊಟ್ಟೆ.

ಚಾಚಾ ಉದ್ದ ವೈರು ಜೋಡಿಸಿ ಫೋನನ್ನು ಹಾಲಿನ ಮೂಲೆಗೇ ತಂದಿಟ್ಟಿದ್ದರು. ನಮ್ಮವರು ಮಾತಾಡುವಾಗ ಟಿ.ವಿ. ದನಿ ಸಣ್ಣ ಮಾಡಿ, ಸಾಹೇಬರು ಮಾತಾಡುವಾಗ ದೊಡ್ಡ ಮಾಡಲು ಗುಂಡಿಯ ಮೇಲೆ ನಾನೇ ಬೆರಳಿಟ್ಟುಕೊಂಡು ನಿಂತೆ. ಲೈನು ಸಿಕ್ಕಿತು.

"ಹೇಳಿ, ಲಿಂಗಸುಗೂರು" ಎಂದರು ಸಾಹೇಬರು.

"ನಮಸ್ಕಾರ್ರೀ ಸಾಹೇಬ್ರ. ನಮ್ಮ ಓಣ್ಯಾಗ ಬೋರಿಂಗ್ ಕೆಟ್ಟು ಬ್ಯಾಸಿಗಿ ಹೋಗಿ ಮಳಿಗಾಲ ಬಂತ್ರೀ. ಅರ್ಜಿ ನಿಮ್ಮ ಕಡೆ ಬಂದೈತಂತ. ಎಲ್ಲಿ ಇಟ್ಟೀರಿ?"

ಸಾಹೇಬರು ಮೇಜಿನ ಮೇಲೆ ನಿಜವಾಗಿಯೂ ಒಮ್ಮೆ ನೋಡಿದರು. "ಬೋರಿಂಗ್ ರಿಪೇರಿ ಅರ್ಜಿ ಬೆಂಗಳೂರಿಗೆ ಬರೋದಿಲ್ಲಮ್ಮ. ಅದು ಅಲ್ಲೇ ಆಗೋ ಕೆಲಸ. ಅಲ್ಲಿ ಅಧಿಕಾರಿ ಯಾರಾದ್ರೂ ಇದ್ದಾರಾ?"

ಗೋಡೆಗೆ ಆತು ನಿಂತಿದ್ದ ಅಧಿಕಾರಿ ಎರಡೂ ಕೈ ಅಲ್ಲಾಡಿಸಿ, ಇಲ್ಲ ಅನ್ನು, ಇಲ್ಲ ಅನ್ನು ಎಂದು ಸನ್ನೆ ಮಾಡಿದರು.

"ಅದಾರ್ರೀ" ಎಂದಳು ಅವಳು. "ಇಲ್ಲ ಅಂತ ಹೇಳು ಅಂತ ಕೈ ಮಾಡಾಕತ್ತಾರ್ರೀ."

ಸಾಹೇಬರ ಮೀಸೆ ತುಸು ಅಲುಗಿತು. "ಹೌದಾ? ಈಗ ಏನು ಮಾಡ್ತಿದ್ದಾರೆ?"

ಕಾಣದವರಿಗೆ ಕಂಡದ್ದನ್ನು ಹೇಳುವುದು ಧರ್ಮ ಎಂಬಂತೆ ಅವಳು ಶುರು ಮಾಡಿದಳು. "ಈಗ ಹಣಿ ಮ್ಯಾಲ ಕೈ ಇಟ್ಟಾರ್ರೀ. ಈಗ ನನ್ನ ಕಡೆ ಕೆಕ್ಕರಿಸಿ ನೋಡಾಕತ್ತಾರ್ರೀ. ಬಾಗಲದ ಕಡೆ ಹೊಂಟಾರ್ರೀ. ಚಪ್ಪಲಿ ಹುಡುಕಾಕತ್ತಾರ್ರೀ. ಒಂದು ಸಿಕ್ತ್ರೀ. ಇನ್ನೊಂದು ನಮ್ಮ ಚಪ್ಪಲಿ ರಾಶ್ಯಾಗ ಸಿಗವಲ್ದ್ರೀ..."

"ಅವರನ್ನ ಸ್ವಲ್ಪ ಫೋನಿಗೆ ಕರೀರಿ."

ಬಾಗಿಲ ಬಳಿ ಕುಳಿತಿದ್ದ ಕಸೂತಿಯಾಕೆ ಎದ್ದು ಚಿಲಕ ಹಾಕಿ, ಅದರ ಮುಂದೆಯೇ ಕುಳಿತಳು. "ಬೆಂಗಳೂರಿನವರು ಕರದಾರ, ಹೋಗ್ರಿ ಸಾಹೇಬ್ರ" ಎಂದಳು ಮೆಲ್ಲಗೆ.

"ಚಿಲಕ ಬಿತ್ತ್ರೀ" ಎಂದು ಫೋನಿಗೆ ವರದಿ ಹೋಯಿತು. "ಈಗ ಬರಾಕತ್ತಾರ್ರೀ. ಒಂದ ಚಪ್ಪಲಿ ಮ್ಯಾಲ."

ಅಧಿಕಾರಿ ಫೋನು ತೆಗೆದುಕೊಂಡರು. "ಸರ್... ಹೌದು ಸರ್... ಸಾಮಾನು ಬಂದಾವ ಸರ್... ಈ ವಾರಾನೇ ಸರ್." ಒಂದೊಂದು 'ಸರ್' ಕೂಡ ಎಲ್ಲ ತಾಲೂಕಿನ ಟಿ.ವಿ.ಗಳಲ್ಲಿ ಕೇಳಿಸಿತು.

ಅವಳು ಫೋನು ಮತ್ತೆ ಕಸಿದುಕೊಂಡಳು. "ಸಾಹೇಬ್ರ, ಇವರು ಅಂದಿದ್ದು ಕೇಳಿದ್ರಲ್ಲ?"

"ನಾನೊಬ್ಬನೇ ಅಲ್ಲಮ್ಮ, ರಾಜ್ಯಾನೇ ಕೇಳಿದೆ."

"ಹಂಗಾದ್ರ ಇಡ್ತೀನ್ರೀ. ಕುರಿ ಹೊಡಕೊಂಡು ಬರೂ ಹೊತ್ತಾತು."

ಆ ವಾರ ಮುಗಿಯುವುದರೊಳಗೆ ಬೋರಿಂಗಿಗೆ ಹೊಸ ಹಿಡಿಕೆ ಬಂತು. ನಾನೇ ಗುರುಗುಂಟಾಕ್ಕೆ ಹೋಗಿ ನೋಡಿದೆ. ಹುಡುಗಿಯರು ಪಾಳಿ ಹಚ್ಚಿ ನಿಂತಿದ್ದರು. ಅವಳು ಮಾತ್ರ ಕಟ್ಟೆಯ ಮೇಲೆ ಕುಳಿತು ಹಿಡಿಕೆ ಜೋರಾಗಿ ಹೊಡೆದವರನ್ನೆಲ್ಲ ಬಯ್ಯುತ್ತಿದ್ದಳು.

ಮರುದಿನ ಅಧಿಕಾರಿ ನಡಾವಳಿಗೆ ಸಹಿ ಹಾಕಲು ಮಸ್ಕಿಯ ನಮ್ಮ ಮನೆಗೇ ಬಂದರು. ಚಹಾ ಬೇಡವೆಂದರು. ಓದುತ್ತ ಓದುತ್ತ ಅವರ ಕಿವಿ ಕೆಂಪಾಯಿತು.

"ಅಮ್ಮಾರ, ಇದು ಬೆಂಗಳೂರಿಗೆ ಹೋಗ್ತೈತಿ. ಈ ಕೈಸನ್ನಿ, ಚಪ್ಪಲಿ ಹುಡುಕಿದ್ದು ಎಲ್ಲಾ ತೆಗೀರಿ. ನಿಮ್ಮ ಕೈ ಮುಗೀತೀನಿ. ನಾ ಕೊನೀತನಕ ಹಾಜರಿದ್ದೆ ಅಂತ ಅಷ್ಟ ಬರೀರಿ. ಅದೇನು ಸುಳ್ಳಲ್ಲಲ್ಲ?"

ಸುಳ್ಳಲ್ಲ. ನೀರು ಬಂದಿತ್ತು, ಮನುಷ್ಯ ಕೈ ಮುಗಿದಿದ್ದರು, ನನಗೂ ಕರುಣೆ ಬಂತು. ಆ ಹಾಳೆ ತೆಗೆದು ಹೊಸ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಅವರು ಕೇಳಿದಂತೆಯೇ ಬರೆದೆ. ನಡಾವಳಿ ಪೂರ್ಣ ಇರಬೇಕಲ್ಲ, ಅದಕ್ಕೆ ಅರ್ಧ ಸಾಲು ಮಾತ್ರ ಸೇರಿಸಿದೆ:

"ಅಧಿಕಾರಿಗಳು ಸಭೆಯ ಕೊನೆಯವರೆಗೂ ಹಾಜರಿದ್ದರು, ಬಾಗಿಲಿಗೆ ಚಿಲಕ ಹಾಕಲಾಗಿತ್ತು."